ಮನೆಯಿಂದಲೇ ದುಡಿಮೆ: ಜಾಹೀರಾತನ್ನು ಓದುವ ಬಗೆ

ಮನೆಯಲ್ಲಿ ಕುಳಿತು ದುಡಿಯುವುದು ನಮ್ಮ ನಾಡಿಗೆ ಹೊಸತೇನೂ ಅಲ್ಲ. ನೇಕಾರರ ಮಗ್ಗ ಮನೆಯೊಳಗೇ ಇರುತ್ತಿತ್ತು. ಹಪ್ಪಳ ಒತ್ತುವವರು, ಬೀಡಿ ಕಟ್ಟುವವರು, ಊದುಬತ್ತಿ ಹೊಸೆಯುವವರು, ಹೂ ಕಟ್ಟುವವರು ಇಂದಿಗೂ ತಮ್ಮ ತಮ್ಮ ಪಡಸಾಲೆಗಳಲ್ಲೇ ದುಡಿದು ಸಂಸಾರ ತೂಗಿಸುತ್ತಿದ್ದಾರೆ. ಹೊಸತು ಯಾವುದೆಂದರೆ, ಕಚೇರಿಯ ಕೆಲಸವೂ ಮನೆಗೆ ಬಂದಿರುವುದು. ೨೦೨೦ರಲ್ಲಿ ಕೋವಿಡ್ ಪಿಡುಗು ಹರಡಿ ಕಚೇರಿಗಳ ಬಾಗಿಲು ಮುಚ್ಚಿದಾಗ, ಲೆಕ್ಕ ಬರೆಯುವವರು, ತಂತ್ರಾಂಶ ರಚಿಸುವವರು, ಭಾಷಾಂತರ ಮಾಡುವವರು, ಪಾಠ ಹೇಳುವವರು ಮನೆಯಿಂದಲೇ ಕೆಲಸ ನಡೆಸಿದರು. ಬಾಗಿಲು ತೆರೆದ ಮೇಲೂ ಆ ಪದ್ಧತಿ ಒಂದಷ್ಟು ಉಳಿದುಕೊಂಡಿತು. ಊರು ಬಿಡಲಾಗದ ಹೆಣ್ಣುಮಕ್ಕಳಿಗೆ, ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳಬೇಕಾದವರಿಗೆ, ನಡೆದಾಡಲು ಕಷ್ಟವಾದವರಿಗೆ ಇದರಿಂದ ನಿಜವಾದ ಉಪಕಾರವಾಗಿದೆ. ಆದರೆ ಖೋಟಾ ನಾಣ್ಯ ಹುಟ್ಟುವುದು ಚಲಾವಣೆಯಲ್ಲಿರುವ ನಾಣ್ಯವನ್ನು ನೋಡಿಯೇ ಅಷ್ಟೆ. ನಿಜವಾದ ಕೆಲಸದ ಜತೆಯಲ್ಲಿ ಅದರ ವೇಷ ತೊಟ್ಟ ಮೋಸವೂ ಮನೆಮನೆಯ ಮೊಬೈಲಿಗೆ ಬಂದು ಕುಳಿತಿದೆ.

ಇದು ಎಲ್ಲೋ ಒಬ್ಬಿಬ್ಬರಿಗೆ ಆದ ಅನ್ಯಾಯವಲ್ಲ. ಹಣ ಹೂಡಿಕೆಯ ಮತ್ತು ಅರೆಕಾಲಿಕ ಕೆಲಸದ ಹೆಸರಿನಲ್ಲಿ ವಂಚನೆ ನಡೆಸುತ್ತಿದ್ದ ನೂರಕ್ಕೂ ಹೆಚ್ಚು ಜಾಲತಾಣಗಳನ್ನು ತಡೆಹಿಡಿಯಲಾಗಿದೆಯೆಂದು ಕೇಂದ್ರ ಗೃಹ ಸಚಿವಾಲಯವು ೨೦೨೩ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಅವನ್ನು ನಡೆಸುತ್ತಿದ್ದವರು ಹೊರದೇಶಗಳಲ್ಲಿದ್ದರು. ಮನೆಯಲ್ಲೇ ಕುಳಿತು ಗಳಿಸುವ ಮಾತನ್ನು ಹಲವು ಭಾಷೆಗಳಲ್ಲಿ ಜಾಹೀರಾತು ಮಾಡುತ್ತಿದ್ದರು. ಅವರ ಗುರಿ ಯಾರೆಂಬುದನ್ನೂ ಆ ಪ್ರಕಟಣೆ ಹೇಳಿತ್ತು: ನಿವೃತ್ತ ನೌಕರರು, ಮಹಿಳೆಯರು, ಕೆಲಸ ಹುಡುಕುತ್ತಿರುವ ಯುವಕರು.

ಇಂಥ ಸುದ್ದಿ ಕಿವಿಗೆ ಬಿದ್ದಾಗ 'ಅತಿ ಆಸೆ ಗತಿ ಕೇಡು' ಎಂದು ಗಾದೆ ಹೇಳಿ ಕೈತೊಳೆದುಕೊಳ್ಳುವವರುಂಟು. ಅದು ನ್ಯಾಯವಲ್ಲ. ಮಗಳ ಶಾಲೆಯ ಶುಲ್ಕಕ್ಕೆ ನಾಲ್ಕು ಕಾಸು ಸೇರಿಸಬೇಕೆಂಬ ತಾಯಿಯದು ಅತಿ ಆಸೆಯೆ? ಪದವಿ ಪಡೆದು ಎರಡು ವರ್ಷ ಅರ್ಜಿ ಹಾಕಿ ಬೇಸತ್ತ ಹುಡುಗನದು ಅತಿ ಆಸೆಯೆ? ಅವರು ಕೇಳಿದ್ದು ಕೆಲಸವನ್ನು. ಕೆಲಸ ಕೇಳುವುದು ತಪ್ಪಾಗಲಾರದು. ಆದಕಾರಣ ಬೈಗುಳಕ್ಕಿಂತ ಇಲ್ಲಿ ಬೇಕಾದದ್ದು ಓದುವ ವಿಧಾನ. ಪದ್ಯವೊಂದನ್ನು ಬಿಡಿಸುವಾಗ ನಾವು ಪದಚ್ಛೇದ, ಅನ್ವಯ, ತಾತ್ಪರ್ಯ ಎಂದು ಕ್ರಮವಾಗಿ ಹೋಗುವಂತೆ ಜಾಹೀರಾತನ್ನೂ ಬಿಡಿಸಿ ನೋಡಬಹುದು.

ಇಂಥ ಜಾಹೀರಾತುಗಳ ಸಾಮಾನ್ಯ ರೂಪ ಹೀಗಿರುತ್ತದೆ: "ಮನೆಯಲ್ಲೇ ಕುಳಿತು ದಿನಕ್ಕೆ ೫,೦೦೦ ರೂಪಾಯಿವರೆಗೆ ಗಳಿಸಿ. ಅನುಭವ ಬೇಕಿಲ್ಲ. ಗೃಹಿಣಿಯರಿಗೆ, ವಿದ್ಯಾರ್ಥಿಗಳಿಗೆ, ನಿವೃತ್ತರಿಗೆ ಸುವರ್ಣಾವಕಾಶ. ಕೆಲವೇ ಸ್ಥಾನಗಳು ಉಳಿದಿವೆ. ಕೂಡಲೇ ವಾಟ್ಸಾಪ್ ಮಾಡಿ."

ಐದು ವಾಕ್ಯಗಳು. ಈಗ ಇದರಲ್ಲಿ ಕರ್ತೃಪದವನ್ನು ಹುಡುಕಿ. 'ಗಳಿಸಿ' ಎಂಬಲ್ಲಿ ಕರ್ತೃ ನೀವು. 'ವಾಟ್ಸಾಪ್ ಮಾಡಿ' ಎಂಬಲ್ಲಿಯೂ ನೀವೇ. ಕೆಲಸ ಕೊಡುವವನು ಎಲ್ಲಿದ್ದಾನೆ? ಎಲ್ಲಿಯೂ ಇಲ್ಲ. ಕೂಲಿ ಕೊಡುವವನ ಹೆಸರಿಲ್ಲದ ಕೂಲಿಯ ಕರೆ ಇದು. ವ್ಯಾಕರಣದಲ್ಲಿ ಕಾರಕಗಳು ಆರು: ಕರ್ತೃ, ಕರ್ಮ, ಕರಣ, ಸಂಪ್ರದಾನ, ಅಪಾದಾನ, ಅಧಿಕರಣ. ಯಾರು, ಏನನ್ನು, ಯಾವುದರ ಮೂಲಕ, ಯಾರಿಗೆ, ಎಲ್ಲಿಂದ, ಎಲ್ಲಿ ಎಂಬ ಆರು ಪ್ರಶ್ನೆಗಳಿಗೆ ಇವು ಉತ್ತರ ಕೊಡುತ್ತವೆ. ಶಾಲೆಯಲ್ಲಿ ಕಲಿತು ಮರೆತ ಈ ಪಾಠ ಇಲ್ಲಿ ಹಣ ಉಳಿಸಬಲ್ಲುದು.

ಮೊದಲು, ಯಾರು? ಸಂಸ್ಥೆಯ ಪೂರ್ಣ ಹೆಸರು, ವಿಳಾಸ, ಸಂಪರ್ಕಿಸಬೇಕಾದವರ ಹುದ್ದೆ ಇವು ಜಾಹೀರಾತಿನಲ್ಲಿ ಇರಬೇಕು. ನಮ್ಮ ದೇಶದಲ್ಲಿ ನೋಂದಾಯಿತವಾದ ಪ್ರತಿಯೊಂದು ಕಂಪನಿಗೂ ೨೧ ಅಕ್ಷರ ಮತ್ತು ಅಂಕೆಗಳ ಒಂದು ಗುರುತಿನ ಸಂಖ್ಯೆಯುಂಟು. ಅದರಲ್ಲಿ ರಾಜ್ಯದ ಎರಡು ಅಕ್ಷರ (ಕರ್ನಾಟಕವಾದರೆ 'ಕೆಎ'), ಕಂಪನಿ ಹುಟ್ಟಿದ ವರ್ಷದ ನಾಲ್ಕು ಅಂಕೆ ಎಲ್ಲವೂ ಅಡಗಿರುತ್ತವೆ. ೨೦೧೩ರ ಕಂಪನಿ ಕಾಯಿದೆಯ ಪ್ರಕಾರ ಈ ಸಂಖ್ಯೆಯನ್ನು ಕಂಪನಿಯ ಕಾಗದಪತ್ರಗಳ ಮೇಲೆ ಅಚ್ಚುಹಾಕತಕ್ಕದ್ದು. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಹೆಸರು ಕೊಟ್ಟು ಇದನ್ನು ತಾಳೆ ನೋಡಬಹುದು. ಪಾಲುದಾರಿಕೆಯ ಅಂಗಡಿಗೂ ಒಬ್ಬನೇ ನಡೆಸುವ ವ್ಯಾಪಾರಕ್ಕೂ ಈ ಸಂಖ್ಯೆ ಇರುವುದಿಲ್ಲವೆಂಬುದನ್ನೂ ನೆನಪಿಡಬೇಕು.

ಆದರೆ ಹೆಸರು ನಿಜವಾದ ಮಾತ್ರಕ್ಕೆ ಹೇಳುವವನು ನಿಜವಾಗುವುದಿಲ್ಲ. ಕಳ್ಳನು ದೊಡ್ಡ ಕಂಪನಿಯ ಹೆಸರನ್ನೂ ಮುದ್ರೆಯನ್ನೂ ಎರವಲು ತಂದಿರುತ್ತಾನೆ. ಇದನ್ನು ಕಂಡುಹಿಡಿಯಲು ಜಾಲತಾಣದ ವಿಳಾಸವನ್ನು ಓದುವ ಕ್ರಮ ತಿಳಿದಿರಬೇಕು. ತತ್ಪುರುಷ ಸಮಾಸದಲ್ಲಿ ಉತ್ತರಪದದ ಅರ್ಥವೇ ಪ್ರಧಾನ. ಅರಸನ ಮನೆ 'ಅರಮನೆ' ಎಂದರೆ ಅದು ಮನೆಯೇ ಹೊರತು ಅರಸನಲ್ಲ. ಜಾಲತಾಣದ ವಿಳಾಸವೂ ಹಾಗೆಯೇ. 'ದೊಡ್ಡಕಂಪನಿ.ಕೆಲಸಕೊಡು.ಕಾಮ್' ಎಂಬ ವಿಳಾಸವಿದ್ದರೆ, ಬಾಲದಲ್ಲಿರುವ 'ಕಾಮ್'ಗೆ ತಗಲಿ ಎಡಕ್ಕೆ ನಿಂತ 'ಕೆಲಸಕೊಡು' ಎಂಬವನೇ ಅದರ ಒಡೆಯ. ಮುಂದೆ ಮೆರೆಯುವ 'ದೊಡ್ಡಕಂಪನಿ' ಬರಿಯ ಅಲಂಕಾರ. ನಡುವೆ ಅಡ್ಡಗೆರೆ ಹಾಕಿ 'ದೊಡ್ಡಕಂಪನಿ-ಉದ್ಯೋಗ.ಕಾಮ್' ಎಂದರೂ ಅದು ಬೇರೆಯದೇ ಹೆಸರು. ಇಮೇಲಿನಲ್ಲಿ 'ಅಟ್' ಚಿಹ್ನೆಯ ನಂತರದ ಭಾಗವನ್ನು ಇದೇ ರೀತಿ ನೋಡಬೇಕು. ಸಂದೇಹ ಬಂದರೆ, ಬಂದ ಸಂದೇಶದಲ್ಲಿರುವ ಸಂಖ್ಯೆಗೆ ಕರೆ ಮಾಡಕೂಡದು. ಕಂಪನಿಯ ಸ್ವಂತ ಜಾಲತಾಣವನ್ನು ತಾವೇ ಹುಡುಕಿ ತೆರೆದು, ಅಲ್ಲಿರುವ ಸಂಖ್ಯೆಗೆ ಕೇಳಬೇಕು.

ಎರಡನೆಯದು, ಏನನ್ನು? ನಿಜವಾದ ಜಾಹೀರಾತು ಕೆಲಸವನ್ನು ವಿವರಿಸುತ್ತದೆ. ಸುಳ್ಳು ಜಾಹೀರಾತು ಸಂಬಳವನ್ನು ವಿವರಿಸುತ್ತದೆ. ಯಾವ ಭಾಷೆಯಿಂದ ಯಾವ ಭಾಷೆಗೆ ಅನುವಾದ, ಯಾವ ಬಗೆಯ ಲೆಕ್ಕ, ದಿನಕ್ಕೆ ಎಷ್ಟು ಗಂಟೆ, ಯಾರ ಮೇಲ್ವಿಚಾರಣೆ ಎಂಬುದು ಒಂದರಲ್ಲಿದ್ದರೆ, ಇನ್ನೊಂದರಲ್ಲಿ 'ಸುಲಭವಾದ ಕೆಲಸ' ಎಂಬಷ್ಟೇ ಇರುತ್ತದೆ. ಈಚೆಗೆ ಹೆಚ್ಚಾಗಿ ಕಾಣುವ ಆಮಿಷ ವಿಡಿಯೋಗಳಿಗೆ 'ಲೈಕ್' ಒತ್ತುವುದು, ಹೋಟೆಲುಗಳಿಗೆ ನಕ್ಷತ್ರ ಕೊಡುವುದು. ಒಂದು ಲೈಕಿಗೆ ೫೦ ರೂಪಾಯಿ ಎನ್ನುತ್ತಾರೆ. ಲೆಕ್ಕ ಹಾಕೋಣ. ದಿನಕ್ಕೆ ನೂರು ಲೈಕ್ ಒತ್ತಿದರೆ ೫,೦೦೦, ತಿಂಗಳಿಗೆ ೧,೫೦,೦೦೦. ಬೆರಳಾಡಿಸುವ ಅರ್ಧ ಗಂಟೆಯ ಕೆಲಸಕ್ಕೆ ಇಷ್ಟು ಹಣ ಕೊಟ್ಟು ಬದುಕುವ ವ್ಯಾಪಾರ ಯಾವುದು? ನನ್ನ ಈ ಕೆಲಸದಿಂದ ಯಾರಿಗೆ ಏನು ಲಾಭ ಎಂದು ಕೇಳಿಕೊಂಡು, ಉತ್ತರ ಹೊಳೆಯದಿದ್ದರೆ ಅಲ್ಲಿ ಕೆಲಸವೇ ಇಲ್ಲವೆಂದು ತಿಳಿಯಬಹುದು.

ಮೂರನೆಯದು, ಯಾವುದರ ಮೂಲಕ? ಮಾತುಕತೆಯೆಲ್ಲ ವಾಟ್ಸಾಪಿನಲ್ಲಿ ಆರಂಭವಾಗಿ ಟೆಲಿಗ್ರಾಂ ಎಂಬ ಇನ್ನೊಂದಕ್ಕೆ ಸಾಗುತ್ತದೆ. (ಇದು ೨೦೧೩ರಲ್ಲಿ ನಿಂತುಹೋದ ಅಂಚೆಯ ತಂತಿಯಲ್ಲ, ಮೊಬೈಲಿನ ಒಂದು ಸಂದೇಶ ವ್ಯವಸ್ಥೆ.) ಸಂದರ್ಶನವೆಂಬುದು ಬರೆದ ನಾಲ್ಕು ಪ್ರಶ್ನೆಗಳಲ್ಲಿ ಮುಗಿಯುತ್ತದೆ, ಮುಖ ಕಾಣುವುದಿಲ್ಲ, ಮಾತು ಕೇಳುವುದಿಲ್ಲ, ಗಂಟೆಯೊಳಗೆ ನೇಮಕದ ಪತ್ರ ಬರುತ್ತದೆ. ನಿಮ್ಮ ವಿದ್ಯೆಯನ್ನೇ ಪರೀಕ್ಷಿಸದೆ ಆರಿಸಿದವನು ವಿದ್ಯೆಗಾಗಿ ಆರಿಸಲಿಲ್ಲವೆಂಬುದು ಸ್ಪಷ್ಟ. ಈಗಿನ ಕಾಲದಲ್ಲಿ ಮುಖವನ್ನೂ ಧ್ವನಿಯನ್ನೂ ಯಂತ್ರದಿಂದ ಸೃಷ್ಟಿಸಬಹುದಾದ್ದರಿಂದ, ಮುಖ ಕಂಡಿತೆಂದು ಪೂರ್ತಿ ನಂಬುವಂತೆಯೂ ಇಲ್ಲ. ಅದರ ಮೇಲೆ, ಮೊಬೈಲಿನ ಪರದೆಯನ್ನು ದೂರದವರಿಗೆ ತೋರಿಸುವ ಆ್ಯಪ್ ಹಾಕಿಕೊಳ್ಳಿ ಎಂದರೆ, ಅಥವಾ ಬಂದ ಓಟಿಪಿ ಹೇಳಿ ಎಂದರೆ, ಮಾತನ್ನು ಅಲ್ಲಿಗೇ ನಿಲ್ಲಿಸತಕ್ಕದ್ದು.

ನಾಲ್ಕನೆಯದು, ಯಾರಿಗೆ? ಇದೇ ಎಲ್ಲಕ್ಕೂ ಮುಖ್ಯವಾದುದು. ಕೊಡುವ ಕ್ರಿಯೆ ಯಾರನ್ನು ಉದ್ದೇಶಿಸಿ ನಡೆಯುತ್ತದೆಯೋ ಅದು ಸಂಪ್ರದಾನ. ಉದ್ಯೋಗವೆಂದರೆ ಯಜಮಾನನಿಂದ ಕೆಲಸಗಾರನಿಗೆ ಹಣ ಸಲ್ಲಬೇಕು. ಆ ವಿಭಕ್ತಿ ತಿರುಗಿ, ಕೆಲಸಗಾರನಿಂದ ಯಜಮಾನನಿಗೆ ಹಣ ಸಲ್ಲತೊಡಗಿದರೆ ಅದು ಉದ್ಯೋಗವಲ್ಲ. ನೋಂದಣಿ ಶುಲ್ಕ, ತರಬೇತಿಯ ಶುಲ್ಕ, ಗುರುತಿನ ಚೀಟಿಯ ಖರ್ಚು, ಲ್ಯಾಪ್‌ಟಾಪಿನ ಠೇವಣಿ, ಕೊರಿಯರ್ ಖರ್ಚು, ಕೊನೆಗೆ ಅದರ ಮೇಲೆ ತೆರಿಗೆ, ಹೀಗೆ ಹೆಸರುಗಳು ಹಲವು. ಹೆಸರಾಂತ ಪೆನ್ಸಿಲ್ ಕಂಪನಿಯ ಪೆನ್ಸಿಲುಗಳನ್ನು ಮನೆಯಲ್ಲೇ ಡಬ್ಬಿಗೆ ತುಂಬುವ ಕೆಲಸವೆಂದು ಹಬ್ಬಿದ ಸುಳ್ಳು ಜಾಹೀರಾತುಗಳು ಈ ಜಾತಿಯವು. ನೋಂದಣಿಗೆಂದು ಕೆಲವು ನೂರು, ಆಮೇಲೆ ಮತ್ತೊಂದು, ಮಗುದೊಂದು. ಕಳ್ಳನಿಗೊಂದು ಪಿಳ್ಳೆ ನೆವ. ಪೆನ್ಸಿಲು ಮಾತ್ರ ಬರುವುದಿಲ್ಲ.

ಲೈಕ್ ಒತ್ತಿಸುವವರ ಉಪಾಯ ಇದಕ್ಕಿಂತ ಸೂಕ್ಷ್ಮವಾದುದು. ಅವರು ಮೊದಲು ಕೊಡುತ್ತಾರೆ. ಉದಾಹರಣೆಗೆ, ಮೂರು ಲೈಕಿಗೆ ೧೫೦ ರೂಪಾಯಿ ನಿಜವಾಗಿಯೂ ಖಾತೆಗೆ ಬರುತ್ತದೆ. ನಂಬಿಕೆ ಹುಟ್ಟುತ್ತದೆ. ಮಾರನೆಯ ದಿನ, ಮುಂಗಡ ಕಟ್ಟಿ ಮಾಡುವ 'ಟಾಸ್ಕ್' ಇದೆ ಎನ್ನುತ್ತಾರೆ: ೧,೦೦೦ ಕಟ್ಟಿದರೆ ೧,೩೦೦ ಬರುತ್ತದೆ, ಅದೂ ಬರುತ್ತದೆ. ಗುಂಪಿನಲ್ಲಿರುವ ಇತರರು, ಅವರೆಲ್ಲ ವಂಚಕನ ಕಡೆಯವರೇ, ತಮಗೆ ಬಂದ ಸಾವಿರಾರು ರೂಪಾಯಿಗಳ ಚಿತ್ರ ಹಾಕುತ್ತಿರುತ್ತಾರೆ. ಆಮೇಲೆ ೫,೦೦೦, ಅದು ಸಿಗಬೇಕಾದರೆ ೨೦,೦೦೦, ಅದನ್ನು ಬಿಡಿಸಿಕೊಳ್ಳಲು ೫೦,೦೦೦. ಪರದೆಯ ಮೇಲೆ ನಿಮ್ಮ ಹೆಸರಿನಲ್ಲಿ ಲಕ್ಷಗಟ್ಟಲೆ ಹಣ ಏರುತ್ತಿರುವಂತೆ ಕಾಣುತ್ತದೆ; ಅದು ಬರಿಯ ಅಂಕೆ, ಹಣವಲ್ಲ. ಕೂಡಿಸಿ ನೋಡಿದರೆ, ಗಾಳಕ್ಕೆ ಸಿಕ್ಕಿಸಿದ ಹುಳುವಿನ ಬೆಲೆ ೪೫೦ ರೂಪಾಯಿ, ಹಿಡಿದ ಮೀನಿನ ಬೆಲೆ ೭೫,೦೦೦. ಮೊದಲು ಬಂದ ಹಣವೇ ಪ್ರಾಮಾಣಿಕತೆಗೆ ಸಾಕ್ಷಿ ಎಂದು ತಿಳಿಯುವುದರಲ್ಲಿಯೇ ಈ ಬಲೆಯ ಗಂಟು ಇದೆ. ಅಮೆರಿಕದ ಬಳಕೆದಾರ ರಕ್ಷಣೆಯ ಆಯೋಗಕ್ಕೆ ಇಂಥ ದೂರು ೨೦೨೦ರಲ್ಲಿ ಒಂದೂ ಬಂದಿರಲಿಲ್ಲ. ೨೦೨೩ರಲ್ಲಿ ಸುಮಾರು ೫,೦೦೦, ೨೦೨೪ರ ಮೊದಲ ಆರು ತಿಂಗಳಲ್ಲಿಯೇ ಸುಮಾರು ೨೦,೦೦೦ ಬಂದವು. ಇನ್ನೊಂದು ಮಾತು: ಯುಪಿಐ ಮೂಲಕ ಹಣ ಪಡೆಯಲು ರಹಸ್ಯ ಸಂಖ್ಯೆ ಒತ್ತಬೇಕಾಗಿಲ್ಲ. 'ಸಂಬಳ ಬರಬೇಕಾದರೆ ಪಿನ್ ಒತ್ತಿ' ಎಂದರೆ ಹಣ ಹೋಗುತ್ತದೆಯೇ ಹೊರತು ಬರುವುದಿಲ್ಲ.

ಹಣ ಕೇಳದೆಯೇ ಸಿಕ್ಕಿಸುವ ಇನ್ನೊಂದು ಬಗೆಯುಂಟು. ಪುಟಗಳನ್ನು ನೋಡಿ ಬೆರಳಚ್ಚು ಮಾಡುವ ಕೆಲಸ ಕೊಟ್ಟು, ಒಂದು ಕರಾರುಪತ್ರಕ್ಕೆ ಸಹಿ ಪಡೆಯುತ್ತಾರೆ. ವಾರದ ಕೊನೆಗೆ 'ನಿಮ್ಮ ಕೆಲಸದಲ್ಲಿ ತಪ್ಪುಗಳಿವೆ, ಕರಾರು ಮುರಿದಿದ್ದೀರಿ, ದಂಡ ಕಟ್ಟಿ' ಎಂದು ವಕೀಲರ ಹೆಸರಿನ ನೋಟೀಸು ಬರುತ್ತದೆ. ಪೊಲೀಸು, ಕೋರ್ಟು ಎಂಬ ಬೆದರಿಕೆಯೂ ಬರುತ್ತದೆ. ಮಾನಕ್ಕೆ ಹೆದರಿ ಜನ ಕಟ್ಟುತ್ತಾರೆ. ೧೮೭೨ರ ಭಾರತೀಯ ಕರಾರು ಕಾಯಿದೆಯ ೧೯ನೆಯ ಪ್ರಕರಣದಂತೆ, ವಂಚನೆಯಿಂದ ಪಡೆದ ಒಪ್ಪಿಗೆಯ ಕರಾರನ್ನು ವಂಚಿತನಾದವನು ರದ್ದುಪಡಿಸಬಹುದು. ೭೪ನೆಯ ಪ್ರಕರಣದಂತೆ, ಕರಾರಿನಲ್ಲಿ ಎಷ್ಟೇ ದಂಡ ಬರೆದಿದ್ದರೂ ನ್ಯಾಯಾಲಯ ಕೊಡಿಸುವುದು ಆ ಮೊತ್ತವನ್ನು ಮೀರದ, ನ್ಯಾಯಸಮ್ಮತವಾದ ಪರಿಹಾರವನ್ನು ಮಾತ್ರ. ಆದುದರಿಂದ ನೋಟೀಸು ಬಂದೊಡನೆ ಹಣ ಕಳಿಸದೆ, ಊರಿನ ವಕೀಲರೊಬ್ಬರಿಗೆ ತೋರಿಸುವುದು ಲೇಸು.

ಐದನೆಯದು, ಎಲ್ಲಿಂದ? ಅಪಾದಾನದ ಪ್ರಶ್ನೆ ಇದು. 'ನಿಮ್ಮ ಖಾತೆಗೆ ಹಣ ಬರುತ್ತದೆ. ನಿಮ್ಮ ಪಾಲನ್ನು ಇಟ್ಟುಕೊಂಡು ಉಳಿದುದನ್ನು ನಾವು ಹೇಳಿದವರಿಗೆ ಕಳಿಸಿ. ಇಷ್ಟೇ ಕೆಲಸ' ಎಂಬ ಜಾಹೀರಾತುಗಳಿವೆ. ಆ ಹಣ ಎಲ್ಲಿಂದ ಬಂತು? ಇನ್ನೊಂದು ಮನೆಯಿಂದ ಕದ್ದದ್ದು. ಪೊಲೀಸರು ಜಾಡು ಹಿಡಿದು ಬಂದಾಗ ಮೊದಲು ಸಿಕ್ಕುವ ಹೆಸರು ವಂಚಕನದಲ್ಲ, ಖಾತೆ ಕೊಟ್ಟವನದು. ಖಾತೆ ಸ್ಥಗಿತವಾಗುತ್ತದೆ, ಮೊಕದ್ದಮೆಯೂ ತಲೆಯ ಮೇಲೆ ಬರಬಹುದು. ಕಾಲೇಜಿನ ಹುಡುಗರು ಕೆಲವು ಸಾವಿರದ ಆಸೆಗೆ ತಮ್ಮ ಪಾಸ್‌ಬುಕ್ಕು, ಎಟಿಎಂ ಕಾರ್ಡು, ಸಿಮ್ಮುಗಳನ್ನು ಬಾಡಿಗೆಗೆ ಕೊಟ್ಟು ಭವಿಷ್ಯವನ್ನು ಕೆಡಿಸಿಕೊಳ್ಳುವುದುಂಟು. ಈ ವಿಷಯವನ್ನು ಪ್ರತಿ ಮನೆಯಲ್ಲೂ ಮಕ್ಕಳಿಗೆ ಬಿಡಿಸಿ ಹೇಳಬೇಕು.

ಆರನೆಯದು, ಎಲ್ಲಿ? 'ಮನೆಯಿಂದಲೇ ಕೆಲಸ' ಎಂದು ಆರಂಭವಾದುದು ಕೆಲವೊಮ್ಮೆ 'ಹೊರದೇಶದಲ್ಲಿ ಹೆಚ್ಚಿನ ಸಂಬಳ' ಎಂದು ತಿರುಗುತ್ತದೆ. ಥಾಯ್ಲೆಂಡಿನಲ್ಲಿ ಡಿಜಿಟಲ್ ಮಾರಾಟದ ಹುದ್ದೆಗಳೆಂದು ನಂಬಿಸಿ, ಮಾಹಿತಿ ತಂತ್ರಜ್ಞಾನ ಬಲ್ಲ ನಮ್ಮ ಯುವಕರನ್ನು ಗಡಿ ದಾಟಿಸಿ ಮ್ಯಾನ್ಮಾರಿಗೆ ಒಯ್ಯುತ್ತಿದ್ದಾರೆಂದು ವಿದೇಶಾಂಗ ಸಚಿವಾಲಯ ೨೦೨೨ರ ಸೆಪ್ಟೆಂಬರಿನಲ್ಲಿಯೇ ಎಚ್ಚರಿಸಿತ್ತು. ಅಲ್ಲಿ ಬೇಲಿ ಹಾಕಿದ ಕಟ್ಟಡಗಳಲ್ಲಿ ಕೂಡಿಹಾಕಿ, ಪರದೇಶಗಳ ಜನರನ್ನು ವಂಚಿಸುವ ಸಂದೇಶಗಳನ್ನು ಅವರಿಂದಲೇ ಬರೆಸುತ್ತಾರೆ, ಒಲ್ಲೆನೆಂದರೆ ಹೊಡೆಯುತ್ತಾರೆ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ೨೦೨೩ರ ಆಗಸ್ಟಿನಲ್ಲಿ ಕೊಟ್ಟ ವರದಿಯ ಪ್ರಕಾರ, ಹೀಗೆ ಸಿಕ್ಕಿಬಿದ್ದವರು ಮ್ಯಾನ್ಮಾರಿನಲ್ಲಿ ೧,೨೦,೦೦೦ಕ್ಕೂ ಕಾಂಬೋಡಿಯದಲ್ಲಿ ೧,೦೦,೦೦೦ಕ್ಕೂ ಕಡಿಮೆಯಿಲ್ಲದಿರಬಹುದು. ೨೦೨೫ರ ಮಾರ್ಚಿನಲ್ಲಿ ಇಂಥ ಐನೂರಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಸ್ವದೇಶಕ್ಕೆ ಕರೆತಂದರು. ನಮಗೆ ಸಿಹಿಮಾತಿನ ಸಂದೇಶ ಕಳಿಸುವ ಕೈ, ತಾನೂ ಒಂದು ಸುಳ್ಳು ಉದ್ಯೋಗದ ಜಾಹೀರಾತನ್ನು ನಂಬಿ ಸೆರೆಯಾದ ಕೈ ಇರಬಹುದು. ಹೊರದೇಶದ ಕೆಲಸಕ್ಕೆ ಜನ ಕಳಿಸುವ ಏಜೆಂಟನು ೧೯೮೩ರ ವಲಸೆ ಕಾಯಿದೆಯಂತೆ ನೋಂದಾಯಿಸಿಕೊಂಡಿರಬೇಕು. ನೋಂದಾಯಿತರ ಪಟ್ಟಿ ಸರ್ಕಾರದ 'ಇ-ಮೈಗ್ರೇಟ್' ತಾಣದಲ್ಲಿದೆ. ಅಲ್ಲಿ ಹೆಸರು ನೋಡದೆ ಪಾಸ್‌ಪೋರ್ಟನ್ನು ಯಾರ ಕೈಗೂ ಕೊಡಕೂಡದು.

ಕಾರಕಗಳು ಮುಗಿದರೂ ಅವ್ಯಯವೊಂದು ಉಳಿಯಿತು: 'ಕೂಡಲೇ'. ಇಂದು ಸಂಜೆಯೊಳಗೆ, ಈಗಲೇ, ಕೊನೆಯ ಎರಡು ಸ್ಥಾನ ಎಂಬ ಮಾತುಗಳಿಗೆ ಒಂದೇ ಪ್ರಯೋಜನ. ನೀವು ಇನ್ನೊಬ್ಬರನ್ನು ಕೇಳುವಷ್ಟು ಸಮಯ ಸಿಗಬಾರದು. ಒಂದು ರಾತ್ರಿ ಕಾಯಲಾರದ ಉದ್ಯೋಗ ಬಿಟ್ಟುಹೋದರೆ ನಷ್ಟವೇನೂ ಇಲ್ಲ.

ಹಾಗೆಂದು ಎಲ್ಲವನ್ನೂ ಸಂಶಯದಿಂದಲೇ ನೋಡಿ, ಬಂದ ಒಳ್ಳೆಯ ಅವಕಾಶವನ್ನು ಕಳೆದುಕೊಳ್ಳಬೇಕೆಂದು ಅರ್ಥವಲ್ಲ. ಸಣ್ಣ ಸಂಸ್ಥೆಗಳು ವಾಟ್ಸಾಪಿನಲ್ಲೇ ಮಾತನಾಡುವುದುಂಟು. ಅವರ ಜಾಹೀರಾತಿನಲ್ಲಿ ಅಕ್ಷರದೋಷಗಳೂ ಇರಬಹುದು. ಒಂದು ಲಕ್ಷಣ ಕಂಡಾಗ ವಿಚಾರಿಸಬೇಕು. ಎರಡು ಮೂರು ಒಟ್ಟಿಗೆ ಕಂಡಾಗ ದೂರವಿರಬೇಕು. ಆದರೆ ಕೆಲಸ ಕೊಡುವವನು ಹಣ ಕೇಳಿದನೆಂಬ ಒಂದು ಲಕ್ಷಣಕ್ಕೆ ಮಾತ್ರ ಬೇರೆ ಯಾವ ಲಕ್ಷಣದ ನೆರವೂ ಬೇಕಿಲ್ಲ; ಅದೊಂದೇ ಸಾಕು.

ಇಷ್ಟಾದರೂ ಹಣ ಹೋಯಿತೆನ್ನಿ. ಆಗ ಮೊದಲ ಕೆಲಸ ೧೯೩೦ ಎಂಬ ಸಂಖ್ಯೆಗೆ ಕರೆ ಮಾಡುವುದು. ಇದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಕಳುಹಿಸಿದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುತ್ತದೆ. ದೂರು ಬೇಗ ತಲುಪಿದರೆ ಬ್ಯಾಂಕುಗಳು ಅದನ್ನು ದಾರಿಯಲ್ಲೇ ತಡೆಹಿಡಿಯಬಲ್ಲವು. ಆದ್ದರಿಂದ ಇಲ್ಲಿ ಗಂಟೆಗಳ ಲೆಕ್ಕವೇ ಹಣದ ಲೆಕ್ಕ. ಜತೆಗೆ ನಿಮ್ಮ ಬ್ಯಾಂಕಿಗೆ ತಿಳಿಸಿ, 'ಸೈಬರ್‌ಕ್ರೈಮ್.ಗವ್.ಇನ್' ಎಂಬ ಸರ್ಕಾರಿ ತಾಣದಲ್ಲಾಗಲಿ, ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಯಲ್ಲಾಗಲಿ ದೂರು ದಾಖಲಿಸಬೇಕು. ಸಂದೇಶಗಳನ್ನು ನಾಚಿಕೆಯಿಂದ ಅಳಿಸಬಾರದು, ಅವೇ ಸಾಕ್ಷ್ಯ. ಕಂಪ್ಯೂಟರ್ ಸಾಧನದಿಂದ ಬೇರೆಯವರ ವೇಷ ಹಾಕಿ ವಂಚಿಸಿದವನಿಗೆ ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ೬೬ ಡಿ ಪ್ರಕರಣದಂತೆ ಮೂರು ವರ್ಷದವರೆಗೆ ಸೆರೆವಾಸವುಂಟು. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ೩೧೮ನೆಯ ಪ್ರಕರಣದಂತೆ, ವಂಚಿಸಿ ಹಣ ಕಿತ್ತುಕೊಂಡವನಿಗೆ ಏಳು ವರ್ಷದವರೆಗೆ. ಮತ್ತೊಂದು ಎಚ್ಚರಿಕೆ: ಕಳೆದ ಹಣವನ್ನು ಮರಳಿ ಕೊಡಿಸುತ್ತೇವೆ, ಶುಲ್ಕ ಕಟ್ಟಿ ಎಂದು ಕೆಲವು ದಿನಗಳಲ್ಲೇ ಇನ್ನೊಬ್ಬ ಬರುತ್ತಾನೆ. ಅವನು ಮೊದಲಿನವನ ಅಣ್ಣನೋ ತಮ್ಮನೋ ಇರಬೇಕು.

ಹಣಕ್ಕಿಂತ ದೊಡ್ಡ ನಷ್ಟ ಮೌನದಿಂದ ಆಗುತ್ತದೆ. ಮನೆಯವರು ಏನೆನ್ನುತ್ತಾರೋ ಎಂಬ ಹೆದರಿಕೆಯಿಂದ, ಹೋದುದನ್ನು ಮರಳಿ ಪಡೆಯಲು ಸಾಲ ತಂದು ಮತ್ತೆ ಕಟ್ಟಿದವರು, ಬಳೆ ಅಡವಿಟ್ಟು ಕಟ್ಟಿದವರು ಉಂಟು. ಮೊದಲ ಸಾವಿರ ಹೋದ ದಿನವೇ ಮನೆಯಲ್ಲಿ ಹೇಳುವ ಧೈರ್ಯವಿದ್ದಿದ್ದರೆ ಎಷ್ಟೋ ಸಂಸಾರಗಳು ಉಳಿಯುತ್ತಿದ್ದವು. ಆ ಧೈರ್ಯವನ್ನು ಕೊಡಬೇಕಾದವರು ಮನೆಯ ಹಿರಿಯರು. ಮಗನೋ ಸೊಸೆಯೋ ಇಂಥ ಜಾಹೀರಾತೊಂದನ್ನು ತಂದು ತೋರಿಸಿದರೆ ಹಳಿಯದೆ, ಜತೆಯಲ್ಲಿ ಕುಳಿತು ಗಟ್ಟಿಯಾಗಿ ಓದಿಸಿ, ಆರು ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿ. ಕೆಲಸ ನಿಜವಾಗಿದ್ದರೆ ಆರಕ್ಕೂ ಉತ್ತರ ಸಿಕ್ಕುತ್ತದೆ. ಧಾರಾಳವಾಗಿ ಅರ್ಜಿ ಹಾಕಲಿ. ಸಿಕ್ಕದಿದ್ದರೆ, ಖರ್ಚಾದುದು ಹತ್ತು ನಿಮಿಷ ಮಾತ್ರ.